ನಲವತ್ತೊಂದು ಗುಣಗಳ ವೀರ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ‘ಕಂಪ್ಯೂಟರ್’ ಎಂದು ಹೇಳಿ ಮಾತು ಬದಲಿಸುತ್ತೇನೆ. ನಿಜ ಹೇಳಲು ಹೊರಟರೆ ಅರ್ಧ ಗಂಟೆ ಹೋಗುತ್ತದೆ, ಜೊತೆಗೆ ಮರ್ಯಾದೆಯೂ ಹೋಗುತ್ತದೆ. ನಿಜ ಇಷ್ಟೇ: ಕಂಪ್ಯೂಟರ್ ಆಟಗಳಲ್ಲಿ ಕತ್ತಿ ಹಿಡಿದು ಗುಹೆ ಗುಹೆ ಅಲೆಯುವ ವೀರನಿಗೆ ಬಲ ಎಷ್ಟು, ಚುರುಕು ಎಷ್ಟು, ಧೈರ್ಯ ಎಷ್ಟು, ಅವನು ಒಂದು ಏಟು ಹಾಕಿದರೆ ಎದುರಾಳಿಯ ಪ್ರಾಣದಲ್ಲಿ ಎಷ್ಟು ಕಳೆಯಬೇಕು ಎಂದು ತೀರ್ಮಾನಿಸುವವನು ನಾನು. ಎಲ್ಲವೂ ಒಂದರಿಂದ ಇಪ್ಪತ್ತರೊಳಗಿನ ಅಂಕಿ. ಹದಿನಾಲ್ಕು ವರ್ಷದಿಂದ ಇದೇ ಉದ್ಯೋಗ. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ನಾನು ಇದುವರೆಗೆ ಆರುನೂರು ಜನರಿಗೆ ಬಲ ಹಂಚಿದ್ದೇನೆ.

ಮದುವೆಗೆ ಮುಂಚೆ ಮಾವನವರೂ ಇದೇ ಪ್ರಶ್ನೆ ಕೇಳಿದ್ದರು. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಸರಿಯಾಗಿ ತೂಗುತ್ತದೆಯೇ ಎಂದು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವರ ಕೆಲಸ. ನಾನು ಹುರುಪಿನಿಂದ ಎಲ್ಲವನ್ನೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, “ಅಂದ್ರೆ ಇಲ್ಲದೇ ಇರೋ ಮನುಷ್ಯನ ಬಲ ನೀವು ತೂಗ್ತೀರಿ” ಎಂದರು.

“ಹೌದು.”

“ಯಾವುದ್ರಲ್ಲಿ ಇಟ್ಟು?”

ಮದುವೆ ಆಯಿತು, ಪ್ರಶ್ನೆ ಹಾಗೇ ಉಳಿಯಿತು.

ನಮ್ಮ ಕಚೇರಿ ಒಂದು ಡ್ರೈವಿಂಗ್ ಶಾಲೆಯ ಮೇಲಿದೆ. ಕೆಳಗೆ ಹೊಸಬರು ಗೇರು ಬದಲಿಸಿದಾಗೆಲ್ಲ ನಮ್ಮ ಕಿಟಕಿಯ ಗಾಜು ನಡುಗುತ್ತದೆ. ಏಳು ಜನ ಇದ್ದೇವೆ. ಅವರಲ್ಲಿ ಈ ಕತೆಗೆ ಬೇಕಾದವರು ಮೂವರು. ಒಬ್ಬರು ಯಜಮಾನರು. ಒಬ್ಬಳು ಆಟವನ್ನು ದಿನವಿಡೀ ಆಡಿ ತಪ್ಪು ಹುಡುಕುವ ಹೆಂಗಸು, ನಾವು ಅವಳನ್ನು ತಕರಾರಮ್ಮ ಎನ್ನುತ್ತೇವೆ. ಇನ್ನೊಬ್ಬರು ಬೆರಳಕ್ಕ. ನಾನು ಬರೆದುಕೊಟ್ಟ ಅಂಕಿ ಮತ್ತು ನಿಯಮಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಕೋಡ್ ಮಾಡುವವರು ಅವರು. ಐವತ್ತು ದಾಟಿದೆ, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ, ಹತ್ತು ಬೆರಳಿನವರಿಗಿಂತ ಮುಂಚೆ ಮುಗಿಸುತ್ತಾರೆ. ಮಾತು ಕಡಿಮೆ.

ಎರಡು ತಿಂಗಳ ಹಿಂದೆ ನಮ್ಮ ಹೊಸ ಆಟದ ಕಾದಾಟಗಳು ಕೆಟ್ಟವು. ಸರಿಸಮಾನರಾದ ಇಬ್ಬರು ಕಾದಾಡಿದರೆ ಒಮ್ಮೆ ಇವನು, ಒಮ್ಮೆ ಅವನು ಗೆಲ್ಲಬೇಕು. ಗೆಲುವು ಯಾರದು ಎಂದು ಮೊದಲೇ ಗೊತ್ತಾದರೆ ಆಟ ಯಾಕೆ ಆಡಬೇಕು? ನಮ್ಮ ಆಟದಲ್ಲಿ ಮಾತ್ರ ವೀರನೇ ಗೆಲ್ಲುತ್ತಿದ್ದ. ತಕರಾರಮ್ಮ ಬಂದು, “ನಾನು ಟೀ ಕುಡೀತಾ ಒಂದೇ ಗುಂಡಿ ಒತ್ತುತಾ ಇದ್ದೆ. ಗೆದ್ದೆ. ಆಮೇಲೆ ಟೀ ಇಟ್ಟು, ಕಣ್ಣು ಮುಚ್ಕೊಂಡು ಒತ್ತಿದೆ. ಆಗ್ಲೂ ಗೆದ್ದೆ” ಎಂದಳು.

ಬುದ್ಧಿ ಇರುವವನು ಆಗ ನಿಂತು ಯೋಚಿಸುತ್ತಿದ್ದ. ನಾನು ತೇಪೆ ಹಾಕಿದೆ. ಮೊದಲು ನಮ್ಮ ಪಾತ್ರಗಳಿಗೆ ಆರೇ ಗುಣಗಳಿದ್ದವು: ಬಲ, ಚುರುಕು, ತಾಳಿಕೆ, ಧೈರ್ಯ, ಗುರಿ, ಅದೃಷ್ಟ. ವೀರ ವಿಪರೀತ ಗೆಲ್ಲುತ್ತಾನೆಯೇ? ಅವನಿಗೆ ‘ಆಯಾಸ’ ಎಂಬ ಹೊಸ ಗುಣ. ಈಗ ವಿಪರೀತ ಸೋಲುತ್ತಾನೆಯೇ? ‘ಆಯಾಸ ಮರೆಯುವ ಶಕ್ತಿ’. ಹೀಗೆ ಒಂದಕ್ಕೊಂದು ತೇಪೆ ಹಾಕುತ್ತಾ ಎರಡು ತಿಂಗಳಲ್ಲಿ ನಲವತ್ತೊಂದು ಗುಣಗಳಾದವು. ಎಡಗೈ ಹಿಡಿತ ಬಂತು, ಕೋಪದ ಆಳ ಬಂತು, ಬೂಟಿನ ಬಿಗಿ ಬಂತು. ಕಟ್ಟಕಡೆಗೆ ಸೇರಿದ್ದು ‘ಮೊಣಕಾಲಿನ ನಂಬಿಕೆ’. ಅದರ ಅರ್ಥ ನನಗೂ ಗೊತ್ತಿಲ್ಲ, ಆದರೆ ಅದನ್ನು ಸೇರಿಸಿದ ದಿನ ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕಾದಾಟ ಮಾತ್ರ ಸರಿಯಾಗಲಿಲ್ಲ. ವಾರದ ಸಭೆಯಲ್ಲಿ ಯಜಮಾನರು ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: “ಅಂಕಿ ಎಲ್ಲ ಸರಿ ಇದೆ ಸರ್. ಕೋಡಲ್ಲೇ ಎಲ್ಲೋ ಸೋರ್ತಿದೆ.” ಹದಿನಾಲ್ಕು ವರ್ಷದ ಅನುಭವ ಇದ್ದವನು ಇಷ್ಟು ಗಂಭೀರವಾಗಿ ಹೇಳಿದರೆ ಯಾರು ನಂಬುವುದಿಲ್ಲ? ಬೆರಳಕ್ಕನೇ ನಂಬಿದರು. ಕಾದಾಟದ ಕೋಡನ್ನು ಅಳಿಸಿ ಮೊದಲಿಂದ ಬರೆದರು. ಸರಿಯಾಗಲಿಲ್ಲ. ಮತ್ತೆ ಅಳಿಸಿ ಬರೆದರು. ಮೂರನೇ ಸಲ ಬರೆಯುವಾಗ ಊಟದ ಡಬ್ಬಿಯನ್ನೂ ತಮ್ಮ ಮೇಜಿನಲ್ಲೇ ತೆರೆಯತೊಡಗಿದರು, ನಮ್ಮ ಜೊತೆ ಕೂರುವುದನ್ನು ಬಿಟ್ಟರು.

ಒಂದು ಶುಕ್ರವಾರ ಯಜಮಾನರು ನನ್ನನ್ನು ಒಳಗೆ ಕರೆದರು. “ಮುಂದಿನ ಶುಕ್ರವಾರ ಅಕ್ಕನ ಕೊನೇ ದಿನ. ಸೋಮವಾರದಿಂದ ಬೇರೆಯವರು ಬರ್ತಾರೆ, ಮಾತಾಡಿ ಆಗಿದೆ. ನನಗೂ ಬೇಜಾರೇ, ಆದ್ರೆ ಮೂರು ಸಲ ಬರೆದ್ರೂ ಆಗಿಲ್ಲ ಅಂದ್ರೆ ಏನ್ಮಾಡೋದು. ಕೋಡಲ್ಲಿ ಏನು ತಪ್ಪಿದೆ ಅಂತ ನೀವು ಒಂದು ಪುಟ ಬರೆದುಕೊಡಿ, ಹೊಸಬರಿಗೆ ಬೇಕಾಗುತ್ತೆ.”

ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸುವ ಹೇಡಿತನಕ್ಕೆ ನನ್ನ ನಲವತ್ತೊಂದು ಗುಣಗಳಲ್ಲಿ ಹೆಸರೇ ಇರಲಿಲ್ಲ.

ಆ ವಾರವೇ ಮಾವನವರು ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದರು. ಬಲಗಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಎರಡು ವಾರ ಯಾವ ತೂಕವನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮೂವತ್ತೊಂದು ವರ್ಷ ತೂಕವನ್ನೇ ಎತ್ತಿ ಇಳಿಸಿದ ಮನುಷ್ಯನಿಗೆ ಇದು ದೊಡ್ಡ ಶಿಕ್ಷೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವರು ನಮ್ಮ ಅಡುಗೆಮನೆಯ ತಕ್ಕಡಿಯನ್ನು ಒಂದೇ ಕಣ್ಣಿನಲ್ಲಿ ಪರೀಕ್ಷೆ ಮಾಡಿ, ಎರಡು ಗ್ರಾಂ ಹೆಚ್ಚು ತೋರಿಸುತ್ತದೆ ಎಂದು ಚೀಟಿ ಬರೆದು ಅಂಟಿಸಿ, ಇನ್ನೇನೂ ಮಾಡಲು ಉಳಿಯದೆ ನನ್ನ ಪಕ್ಕ ಬಂದು ಕೂತರು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಒಂದು ಪುಟ ಬರೆಯಲು ಒದ್ದಾಡುತ್ತಿದ್ದೆ.

“ಏನು ತೊಂದರೆ, ಅಳಿಯಂದಿರೇ?”

ಬೇಡವೆಂದುಕೊಂಡರೂ ಹೇಳಿದೆ. ಪರದೆಯ ಮೇಲೆ ಒಂದು ಕಾದಾಟ ತೋರಿಸಿದೆ. ಎಡಗಡೆ ವೀರ, ಬಲಗಡೆ ಕೊಳ್ಳೆಗಾರ. ವೀರ ಗೆದ್ದ. ನಲವತ್ತೊಂದು ಗುಣಗಳ ಪಟ್ಟಿ ತೆರೆದು, ಸ್ವಲ್ಪ ಜಂಬದಿಂದಲೇ, ಮೇಲಿಂದ ಕೆಳಗೆ ಸರಿಸಿದೆ. ಮಾವ ಮುಖವನ್ನು ಪರದೆಗೆ ಹತ್ತಿರ ತಂದು ಎಲ್ಲವನ್ನೂ ಓದಿದರು. ಮೊಣಕಾಲಿನ ನಂಬಿಕೆಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ಏನೂ ಅನ್ನಲಿಲ್ಲ, ಅವರು ದೊಡ್ಡವರು.

“ಇಷ್ಟೆಲ್ಲ ಸಾಮಾನು ಹಾಕಿ ತೂಗ್ತಿದ್ದೀರಿ. ತಕ್ಕಡಿ ನೋಡಿದ್ದೀರಾ?”

“ಅಂದ್ರೆ?”

“ನಾವು ಅಂಗಡಿಗೆ ಹೋದ್ರೆ ಮೊದ್ಲು ಸಾಮಾನು ಮುಟ್ಟಲ್ಲ. ಎರಡು ತಟ್ಟೇಲೂ ಒಂದೇ ತೂಕದ ಬಟ್ಟು ಇಡ್ತೀವಿ. ಮುಳ್ಳು ಒಂದು ಕಡೆ ವಾಲಿದ್ರೆ ಬಟ್ಟು ಅದಲು ಬದಲು ಮಾಡ್ತೀವಿ. ಆಗ್ಲೂ ಅದೇ ಕಡೆಗೇ ವಾಲಿದ್ರೆ ತಪ್ಪು ಬಟ್ಟಿಂದಲ್ಲ, ತಕ್ಕಡೀದು. ನಿಮ್ಮ ವೀರನ್ನ ವೀರನ ಜೊತೆಗೇ ಬಿಡಿ, ನೋಡೋಣ.”

ನನಗೆ ಒಳಗೊಳಗೇ ನಗು ಬಂತು. ಪಾಪ, ಬೇಜಾರಾಗಿದೆ, ಸ್ವಲ್ಪ ಹೊತ್ತು ಕಳೆಯಲಿ ಎಂದು ವೀರನಿಗೊಬ್ಬ ತದ್ರೂಪಿ ಮಾಡಿದೆ. ಗುರುತಿಗೆ ಒಬ್ಬನಿಗೆ ಕೆಂಪು ಅಂಗಿ, ಒಬ್ಬನಿಗೆ ನೀಲಿ. ನೂರು ಕಾದಾಟಕ್ಕೆ ಬಿಟ್ಟೆ, ಒಂದು ನಿಮಿಷದಲ್ಲಿ ಮುಗಿಯಿತು. ಎಡಗಡೆಯಿದ್ದ ಕೆಂಪಂಗಿ ತೊಂಬತ್ತಮೂರು ಸಲ ಗೆದ್ದಿದ್ದ.

“ಅದಲು ಬದಲು” ಎಂದರು ಮಾವ.

ನೀಲಿಯವನನ್ನು ಎಡಕ್ಕೆ ಹಾಕಿದೆ. ಈಗ ನೀಲಿಯವನು ತೊಂಬತ್ತೊಂದು ಸಲ ಗೆದ್ದ.

ಮಾವ ಕುರ್ಚಿಗೆ ಒರಗಿದರು. “ಎಡಕ್ಕೆ ವಾಲ್ತಿದೆ” ಎಂದರು, ಮೂವತ್ತೊಂದು ವರ್ಷ ಹೇಳಿದ ಅದೇ ದನಿಯಲ್ಲಿ.

ನಾಚಿಕೆಯಾದರೂ ಹೇಳಿಬಿಡುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಎಡಗಡೆಯವನೇ ಗೆಲ್ಲುವುದಾದರೆ ಅದು ಕೋಡಿನ ತಪ್ಪೇ, ಅಂದರೆ ನಾನು ಹೇಳಿದ್ದೇ ಸರಿ. ಸಾಕ್ಷಿ ಹುಡುಕಲು, ಬೆರಳಕ್ಕನಿಗೆಂದು ನಾನು ಬರೆದುಕೊಟ್ಟಿದ್ದ ನಿಯಮಗಳ ಹಾಳೆ ತೆರೆದೆ. ಒಂದು, ಎರಡು, ಮೂರು ಎಂದು ಸಾಲುಗಳನ್ನು ಓದುತ್ತಾ ಏಳನೇ ಸಾಲಿಗೆ ಬಂದೆ.

‘ಇಬ್ಬರ ಚುರುಕೂ ಸಮವಿದ್ದರೆ ಎಡಗಡೆಯವನು ಮೊದಲು ಹೊಡೆಯಲಿ. ಸದ್ಯಕ್ಕೆ. ಆಮೇಲೆ ನೋಡೋಣ.’

ಪಕ್ಕದಲ್ಲಿ ನನ್ನ ಹೆಸರು. ಹೆಸರಿನ ಪಕ್ಕ ಒಂದು ನಗುಮುಖದ ಚಿತ್ರ ಬೇರೆ.

ಎಲ್ಲವೂ ನೆನಪಾಯಿತು. ಕೆಲಸ ಶುರುವಾದ ಮೊದಲ ವಾರ ಬೆರಳಕ್ಕ ನನ್ನ ಮೇಜಿಗೆ ಬಂದು, “ಇಬ್ಬರೂ ಒಂದೇ ಚುರುಕು ಇದ್ರೆ ಯಾರು ಮೊದ್ಲು?” ಎಂದು ಕೇಳಿದ್ದರು. ನಾನು ಫೋನಿನಲ್ಲಿ ಏನೋ ನೋಡುತ್ತಾ ಆ ಸಾಲು ಬರೆದುಕೊಟ್ಟಿದ್ದೆ. ಒಂದು ತಿಂಗಳ ನಂತರ ಸಭೆಯಲ್ಲಿ ಅವರು ಮತ್ತೆ, “ಆ ಏಳನೇ ಸಾಲು ಹಾಗೇ ಇರ್ಲಾ?” ಎಂದಾಗ, “ಅಕ್ಕ, ಅದು ಚಿಲ್ಲರೆ ವಿಷಯ” ಎಂದು ನಕ್ಕಿದ್ದೆ. ಆಮೇಲೆ ನ್ಯಾಯ ಇರಲಿ ಎಂದು ಎಲ್ಲ ಎದುರಾಳಿಗಳಿಗೂ ವೀರನಷ್ಟೇ ಚುರುಕು ಕೊಟ್ಟವನು ನಾನು. ಏಟು ತಿಂದವನ ಮುಂದಿನ ಏಟು ಮೆದುವಾಗಬೇಕು ಎಂದು ಒಂಬತ್ತನೇ ಸಾಲಿನಲ್ಲಿ ಬರೆದು ಅದರ ಬಗ್ಗೆ ಎಲ್ಲರ ಮುಂದೆ ಕೊಚ್ಚಿಕೊಂಡವನೂ ನಾನು. ಮೊದಲು ಹೊಡೆಯುವವನು ಯಾವಾಗಲೂ ಎಡಗಡೆಯವನು, ಮೊದಲ ಏಟು ತಿಂದವನಿಗೆ ಮತ್ತೆ ಚೇತರಿಕೆ ಇಲ್ಲ. ವೀರ ಯಾವಾಗಲೂ ಎಡಗಡೆಯೇ ನಿಲ್ಲುತ್ತಿದ್ದ. ಬೆರಳಕ್ಕ ಮೂರು ಸಲವೂ ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿದ್ದರು. ನಾನು ಮೂರು ಸಲವೂ ಅವರ ತಲೆಯ ಮೇಲೆ ಗೂಬೆ ಕೂರಿಸಿದ್ದೆ.

ಮಾವ ಏಳನೇ ಸಾಲನ್ನು ಓದಿದ್ದರೋ ಇಲ್ಲವೋ, ಅವರ ಒಂದು ಕಣ್ಣಿನಿಂದ ಏನೂ ತಿಳಿಯುತ್ತಿರಲಿಲ್ಲ. ಸುಮ್ಮನೆ ಕೇಳುವವನ ಹಾಗೆ ಕೇಳಿದೆ: “ತಪ್ಪು ತಕ್ಕಡಿ ಸಿಕ್ಕಿದ್ರೆ ಏನ್ಮಾಡ್ತಿದ್ರಿ ಮಾವ?”

“ಅದು ನನ್ನ ಪುಸ್ತಕದಲ್ಲಿ ಎರಡು ಥರ. ನಾನೇ ಹೋಗಿ ಹಿಡಿದ್ರೆ ‘ಸಿಕ್ಕಿದ್ದು’ ಅಂತ ಬರೆದು ಕೇಸ್ ಹಾಕ್ತಿದ್ದೆ. ಅಂಗಡಿಯವನೇ ಹೊತ್ಕೊಂಡು ಬಂದು, ಯಾಕೋ ಸರಿ ತೂಗ್ತಿಲ್ಲ ಸಾರ್ ಅಂದ್ರೆ ‘ತಾನೇ ತಂದದ್ದು’ ಅಂತ. ರಿಪೇರಿ ಮಾಡಿಸಿ ಮುದ್ರೆ ಒತ್ತಿ ಕಳಿಸ್ತಿದ್ದೆ.”

“ತಾವೇ ತಂದವರು ಎಷ್ಟು ಜನ?”

“ಹನ್ನೊಂದು. ಅವರೆಲ್ಲರ ಹೆಸರೂ ಗೊತ್ತು ನಂಗೆ. ಸಿಕ್ಕಿದವರದ್ದು ಒಂದೂ ನೆನಪಿಲ್ಲ.”

ಇಷ್ಟು ಕೇಳಿದ ಮೇಲೆ ಕತೆಯ ನಾಯಕನಾದವನು ಸೋಮವಾರ ಬೆಳಿಗ್ಗೆ ಎದೆ ಸೆಟೆಸಿಕೊಂಡು ಹೋಗಿ ಹೇಳಬೇಕು. ನಾನು ಸೋಮವಾರ ಹೋದೆ, ಯಜಮಾನರು ಫೋನಿನಲ್ಲಿದ್ದರು, ಬದುಕಿದೆ ಎಂದು ವಾಪಸ್ ಬಂದೆ. ಮಂಗಳವಾರ ಅವರು ಬಿಡುವಾಗಿದ್ದರು. ಒಳಗೆ ಹೋದವನು ಸ್ಟೇಪ್ಲರ್ ಕೇಳಿ ತಂದೆ. ಬುಧವಾರ ಸ್ನಾನದ ಮನೆಯ ಕನ್ನಡಿಯ ಮುಂದೆ ಪೂರ್ತಿ ತಪ್ಪೊಪ್ಪಿಗೆಯನ್ನು ಬಹಳ ಚೆನ್ನಾಗಿ ಹೇಳಿದೆ. ಕನ್ನಡಿ ಕ್ಷಮಿಸಿತು. ಆ ದಿನವೇ ಬೆರಳಕ್ಕ ತಮ್ಮ ಮೇಜಿನ ಖಾನೆ ಖಾಲಿ ಮಾಡತೊಡಗಿದ್ದರು. ಬೆನ್ನಿಗೆ ಇಟ್ಟುಕೊಳ್ಳುವ ದಿಂಬು, ಎರಡು ನೀರಿನ ಬಾಟಲಿ, ಕನ್ನಡಕದ ಹಳೇ ಡಬ್ಬಿ. ಯಾವಾಗಲೋ ನನ್ನಿಂದ ತೆಗೆದುಕೊಂಡಿದ್ದ ಕತ್ತರಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇದು ನಿಮ್ಮದು” ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ನನ್ನ ಬಗ್ಗೆ ನಾನು ಆಗ ಅಸಹ್ಯಪಟ್ಟುಕೊಂಡಷ್ಟು ಯಾವತ್ತೂ ಪಟ್ಟುಕೊಂಡಿಲ್ಲ.

ಗುರುವಾರ ಸಂಜೆ ಪುಟ ಬರೆದೆ. ‘ನಿಯಮ ಮತ್ತು ಅನುಷ್ಠಾನದ ನಡುವೆ ಕೆಲಮಟ್ಟಿನ ಹೊಂದಾಣಿಕೆಯ ಕೊರತೆ ಕಂಡುಬಂದಿದ್ದು, ಸೂಕ್ತ ಕ್ರಮದಿಂದ ಅದನ್ನು ನಿವಾರಿಸಬಹುದಾಗಿದೆ.’ ಕೊರತೆ ಯಾರದು, ಯಾರಿಗೆ ಕಂಡುಬಂತು ಎಂಬ ಸುಳಿವೇ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಗಟ್ಟಿಯಾದ ರಕ್ಷಾಕವಚ ಅದು. ಹೆಂಡತಿಗೆ ಓದಲು ಕೊಟ್ಟೆ.

ಅವಳು ಎರಡು ಸಲ ಓದಿದಳು. “ಚೆನ್ನಾಗಿದೆ. ತಪ್ಪು ಯಾರದ್ದು ಇದ್ರಲ್ಲಿ?”

“ಅದೇ, ಯಾರದ್ದೂ ಅಲ್ಲ ಅನ್ನೋ ಹಾಗೆ ಬರೆದಿದ್ದೀನಿ.”

“ಹಾಗಾದ್ರೆ ನಾಳೆ ಕೆಲಸ ಬಿಡೋದು ಯಾರು ರೀ?”

ಪುಟವನ್ನು ಮಡಿಸಿ ನನ್ನ ಕೈಗೆ ಕೊಟ್ಟು ಅವಳು ಅಪ್ಪನ ಕಣ್ಣಿಗೆ ಔಷಧಿ ಹಾಕಲು ಹೋದಳು.

ಶುಕ್ರವಾರ ಹತ್ತು ಗಂಟೆಗೆ ಸಭೆ. ನಾನು ಮೆಟ್ಟಿಲು ಹತ್ತಿದೆ, ಅರ್ಧದಿಂದ ಇಳಿದೆ. ಡ್ರೈವಿಂಗ್ ಶಾಲೆಯ ಮುಂದೆ ನಿಂತು ರಸ್ತೆಯ ಚಿಹ್ನೆಗಳ ಫಲಕವನ್ನು ಪರೀಕ್ಷೆಗೆ ಓದುವವನ ಹಾಗೆ ಓದಿದೆ. ಮತ್ತೆ ಹತ್ತಿದೆ, ಮತ್ತೆ ಇಳಿದೆ. ಎರಡನೇ ಸಲ ಇಳಿಯುವಾಗ ಬೆರಳಕ್ಕ ಎದುರು ಹತ್ತಿ ಬಂದರು. ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ. “ಏನಾದ್ರೂ ಮರೆತ್ರಾ?” ಎಂದು ಕೇಳಿದರು. ನಾನು ತಿರುಗಿ ಅವರ ಹಿಂದೆ ಹತ್ತಿದೆ.

ಎಲ್ಲರೂ ಕೂತ ಮೇಲೆ, ಯಜಮಾನರು ಬಾಯಿ ತೆರೆಯುವ ಮುಂಚೆ, ಗೋಡೆಯ ಪರದೆಯ ಮೇಲೆ ಕೆಂಪಂಗಿ ನೀಲಿಯಂಗಿಯವರನ್ನು ತೋರಿಸಿದೆ. ನೂರು ಕಾದಾಟ, ಅದಲು ಬದಲು, ಮತ್ತೆ ನೂರು. ಆಮೇಲೆ ಏಳನೇ ಸಾಲನ್ನು ನಗುಮುಖದ ಸಮೇತ ದೊಡ್ಡದು ಮಾಡಿ ತೋರಿಸಿದೆ.

“ಎಡಗಡೆಯವನು ಗೆಲ್ತಿರೋದು ನನ್ನಿಂದ ಸರ್. ಈ ಸಾಲು ನಂದು. ಅಕ್ಕ ಎರಡು ಸಲ ಕೇಳಿದ್ರು, ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಅವರ ಕೋಡಲ್ಲಿ ತಪ್ಪಿಲ್ಲ. ಮೂರು ಸಲ ಬರೆದಾಗ್ಲೂ ಇರಲಿಲ್ಲ.”

ಕೆಳಗೆ ಯಾರೋ ಹೊಸಬರು ಗೇರು ಹಾಕಿದರು, ಗಾಜು ನಡುಗಿತು.

“ಯಾವಾಗ ಗೊತ್ತಾಯ್ತು?” ಎಂದರು ಯಜಮಾನರು.

“ಶನಿವಾರ.”

“ಇವತ್ತು ಶುಕ್ರವಾರ.”

“ಹೌದು ಸರ್.”

ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಫೋನ್ ಎತ್ತಿಕೊಂಡು ಹೊರಗೆ ಹೋಗಿ, ಸೋಮವಾರದಿಂದ ಬರಬೇಕಿದ್ದವರಿಗೆ ಬರುವುದು ಬೇಡ ಎಂದು ಹೇಳಿ ಒಳಗೆ ಬಂದರು. “ಅಕ್ಕ, ನೀವು ಇರ್ತೀರಿ. ದಯವಿಟ್ಟು. ಇನ್ಮೇಲೆ ಇವರ ಹಾಳೆ ನೀವು ನೋಡಿ ಹೂಂ ಅಂದ್ರೇನೇ ಆಟದ ಒಳಗೆ ಹೋಗೋದು” ಎಂದರು. ಬೆರಳಕ್ಕ ಹೂಂ ಎಂದರೋ ಇಲ್ಲವೋ ನನಗೆ ಕೇಳಿಸಲಿಲ್ಲ.

ಮಧ್ಯಾಹ್ನ ಅವರ ಪಕ್ಕ ಕೂತೆ. ಏಳನೇ ಸಾಲನ್ನು ಅವರು ಬದಲಿಸಿದರು: ಚುರುಕು ಸಮವಿದ್ದರೆ ಯಾರು ಮೊದಲು ಎಂದು ಪ್ರತಿ ಸಲ ಚೀಟಿ ಎತ್ತಿದ ಹಾಗೆ ತೀರ್ಮಾನ. ನೂರು ಕಾದಾಟದಲ್ಲಿ ಐವತ್ತೆರಡು, ನಲವತ್ತೆಂಟು. ಎರಡು ತಿಂಗಳ ರೋಗಕ್ಕೆ ನಾಲ್ಕು ನಿಮಿಷದ ಮದ್ದು. ಇನ್ನು ಉಳಿದದ್ದು ನನ್ನ ತೇಪೆಗಳು. ಅವರು ಒಂದೊಂದನ್ನೇ ತೋರಿಸಿ, “ಇದು ಬೇಕಾ?” ಎಂದು ಕೇಳುವುದು, ನಾನು “ಬೇಡ” ಎನ್ನುವುದು, ಅವರು ಒಂದು ಬೆರಳಲ್ಲಿ ಅಳಿಸುವುದು. ಬೂಟಿನ ಬಿಗಿ ಹೋಯಿತು. ಕೋಪದ ಆಳ ಹೋಯಿತು.

“ಮೊಣಕಾಲಿನ ನಂಬಿಕೆ ಅಂದ್ರೆ ಏನು?”

“ಗೊತ್ತಿಲ್ಲ ಅಕ್ಕ.”

“ನಾನು ಇದಕ್ಕೆ ನಾಲ್ಕು ದಿನ ಕೋಡ್ ಬರೆದಿದ್ದೀನಿ.” ಬೆರಳು ಕೀಲಿಯ ಮೇಲೇ ನಿಂತಿತ್ತು. ಪರದೆಯನ್ನೇ ನೋಡುತ್ತಾ ಹೇಳಿದರು: “ಎರಡು ತಿಂಗಳಿಂದ ಮನೇಲಿ ಹೇಳ್ತಿದ್ದೆ, ನಂಗೆ ಕೆಲಸ ಮರೆತು ಹೋಗ್ತಿದೆ ಅಂತ. ನನ್ನ ಅಮ್ಮನಿಗೂ ಈ ವಯಸ್ಸಲ್ಲೇ ಮರೆವು ಶುರುವಾಗಿದ್ದು. ಡಾಕ್ಟರ ಹತ್ರ ಹೋಗಿ ತಲೆ ಪರೀಕ್ಷೆ ಮಾಡಿಸ್ಕೊಂಡು ಬಂದೆ.”

“ಏನಂದ್ರು?”

“ಏನೂ ಆಗಿಲ್ಲ, ಚೆನ್ನಾಗಿದೆ ಅಂದ್ರು. ನಾನು ನಂಬಲಿಲ್ಲ.”

ನನಗೆ ಅಳು ಬಂತು. ತಪ್ಪಾಯ್ತು ಅಕ್ಕ ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಮೊಣಕಾಲಿನ ನಂಬಿಕೆಯನ್ನು ಅಳಿಸಿ, “ಮುಂದಿನದು” ಎಂದರು.

ಮನೆಗೆ ಬಂದಾಗ ಮಾವನವರ ಕಣ್ಣಿನ ಮುಚ್ಚಳ ತೆಗೆದಾಗಿತ್ತು. ಎರಡೂ ಕಣ್ಣಿನಿಂದ ನನ್ನನ್ನು ನೋಡಿದರು. “ಸಿಕ್ಕಿದ್ದಾ, ತಂದದ್ದಾ?”

ಆ ಏಳನೇ ಸಾಲನ್ನು ಓದಿದ್ದರು ಹಾಗಾದರೆ. “ತಂದೆ ಮಾವ. ಆರು ದಿನ ತಗೊಂಡೆ. ಇವತ್ತೂ ಮೆಟ್ಟಿಲಿಂದ ಎರಡು ಸಲ ವಾಪಸ್ ಇಳಿದೆ.” ಆಮೇಲೆ ಬೆರಳಕ್ಕ ಡಾಕ್ಟರ ಹತ್ತಿರ ಹೋದ ವಿಷಯವನ್ನೂ ಹೇಳಿದೆ.

ಹನ್ನೆರಡನೆಯವನು ನಾನು ಎನ್ನುತ್ತಾರೇನೋ ಎಂದು ಕಾಯುತ್ತಿದ್ದೆ. ಆಗಲೂ ನನಗೆ ಶಭಾಷ್‌ಗಿರಿ ಬೇಕಿತ್ತು ನೋಡಿ.

“ಮುದ್ರೆ ಒತ್ತೋದು ರಿಪೇರಿ ಆದ್ಮೇಲೆ” ಎಂದು ಹೇಳಿ ಅವರು ಅಡುಗೆಮನೆಯ ತಕ್ಕಡಿಯ ಕಡೆ ಹೋದರು.

ಸೋಮವಾರ ಬೆರಳಕ್ಕನ ದಿಂಬು ಕುರ್ಚಿಗೆ ವಾಪಸ್ ಬಂದಿತ್ತು. ರಟ್ಟಿನ ಪೆಟ್ಟಿಗೆ ಮಾತ್ರ ಮೇಜಿನ ಕೆಳಗೇ ಇತ್ತು, ಅದನ್ನು ಎಸೆದಿರಲಿಲ್ಲ. ಹತ್ತೂವರೆಗೆ ಅವರು ನನ್ನ ಹತ್ತಿರ ಬಂದು ನಿಂತರು.

“ಇಬ್ಬರ ಪ್ರಾಣವೂ ಒಂದೇ ಏಟಿಗೆ ಒಟ್ಟಿಗೇ ಮುಗಿದ್ರೆ ಯಾರು ಗೆದ್ದ ಹಾಗೆ?”

ಲಕ್ಷಕ್ಕೊಮ್ಮೆ ಆಗಬಹುದಾದದ್ದು. “ಸದ್ಯಕ್ಕೆ” ಎಂದು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡೆ. ಫೋನನ್ನು ಮಗುಚಿಟ್ಟೆ. ನನ್ನ ಕುರ್ಚಿಯನ್ನು ಎಳೆದುಕೊಂಡು ಅವರ ಮೇಜಿನವರೆಗೂ ಹೋಗಿ, “ಗೊತ್ತಿಲ್ಲ ಅಕ್ಕ, ಈಗ್ಲೇ ನೋಡೋಣ” ಎಂದೆ. ಅವರು ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ನನ್ನ ಹಾಳೆಗೆ ಜಾಗ ಮಾಡಿದರು.